ಹುಟ್ಟುನಿವೃತ್ತರು

ಮರಾಲು ದ್ವೀಪ,
ಉಬ್ಬರದ ತಿಂಗಳು, ಮೂವತ್ತೆಂಟನೇ ತಾರೀಕು, 2104

ಮುತ್ತಜ್ಜ ಗುರುಸಿದ್ಧಪ್ಪ ಹಂಚಿನಾಳ ಅವರಿಗೆ ನಿಮ್ಮ ಮರಿಮೊಮ್ಮಗಳು ದಾಕ್ಷಾಯಣಿ ಮಾಡುವ ನಮಸ್ಕಾರಗಳು.

ನಿಮ್ಮ ಕ್ಯಾಲೆಂಡರಿನಲ್ಲಿ ಇಂಥ ತಿಂಗಳೂ ಇಲ್ಲ, ಇಂಥ ತಾರೀಕೂ ಇಲ್ಲ. ಇಲ್ಲಿ ವರ್ಷಕ್ಕೊಮ್ಮೆ ಸಮುದ್ರ ಬೀದಿಗೆ ಬಂದು, ತನಗೆ ಬೇಕಾದಷ್ಟು ದಿನ ಇದ್ದು ಹೋಗುತ್ತದೆ; ಅದು ಹೋಗುವವರೆಗೆ ತಿಂಗಳು ಮುಗಿಯುವುದಿಲ್ಲ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಹಿಮ್ಮುಖ ಅಂಚೆಯಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ ಬರೆಯಲು ಅವಕಾಶ. ಆ ಒಂದನ್ನು ನಿಮ್ಮನ್ನು ಬೈಯಲು ಬಳಸುತ್ತಿದ್ದೇನೆಂದರೆ ನನಗೆ ಎಷ್ಟು ಸಿಟ್ಟು ಬಂದಿರಬೇಕು, ನೀವೇ ಯೋಚಿಸಿ.

ನೀವೀಗ ಹುಬ್ಬಳ್ಳಿಯ ರೈಲು ಕಾರ್ಖಾನೆಯಿಂದ ನಿವೃತ್ತರಾಗಿ, ಮರಾಲಿಗೆ ಹೋಗಿ ನೆಲೆಸುವುದೋ ಬೇಡವೋ ಎಂದು ತೂಗಿ ನೋಡುತ್ತಿದ್ದೀರಿ. ಮುತ್ತಜ್ಜಿ ನೀಲವ್ವನ ಮೊಣಕಾಲಿಗೆ ಸಮುದ್ರದ ಹವೆ ಒಳ್ಳೆಯದು ಎನ್ನುತ್ತೀರಿ. ಏಜೆಂಟನ ಆಫೀಸಿನ ಗೋಡೆಯ ಮೇಲೆ ನೀಲಿ ನೀರು, ತೆಂಗಿನ ಮರ, ಅದರ ಕೆಳಗೊಂದು ಆರಾಮ ಕುರ್ಚಿಯ ಚಿತ್ರ ಇದೆ. ನಾಳೆಯೋ ನಾಡಿದ್ದೋ ಅವನು ನಿಮ್ಮನ್ನು ಕೇಳುತ್ತಾನೆ: ವಿಶ್ರಾಂತಿ ವೀಸಾ ನಿಮ್ಮಿಬ್ಬರಿಗೆ ಮಾತ್ರವೋ, ಸಂತಾನಕ್ಕೂ ಸೇರಿಸಿಯೋ? ನೀವು ಎದೆಯುಬ್ಬಿಸಿ ಕೊಡುವ ಉತ್ತರ ನಮ್ಮ ಮನೆಯಲ್ಲಿ ಇವತ್ತಿಗೂ ಎಲ್ಲರಿಗೂ ಬಾಯಿಪಾಠ. "ನಾ ಜೀವಮಾನೆಲ್ಲಾ ಕಬ್ಬಿಣ ಬಡದೇನ್ರಿ. ಇನ್ನ ನನ್ನ ವಂಶದಾಗ ಯಾರೂ ಬೆವರು ಸುರಿಸೂದು ಬ್ಯಾಡ. ಎಲ್ಲಾರ್ನೂ ಸೇರಿಸಿಬಿಡ್ರಿ."

ಸೇರಿಸಿಬಿಟ್ಟರು, ಮುತ್ತಜ್ಜ. ವಿಶ್ರಾಂತಿ ವೀಸಾದವರು ಈ ದ್ವೀಪದಲ್ಲಿ ದುಡಿಯುವಂತಿಲ್ಲ. ಸ್ಥಳೀಯರ ಕೆಲಸವನ್ನು ಹೊರಗಿನ ಮುದುಕರು ಕಿತ್ತುಕೊಳ್ಳಬಾರದು ಎಂಬ ಆ ಕಾನೂನು ನಿಮ್ಮ ಮಟ್ಟಿಗೆ ನ್ಯಾಯವೇ. ಆದರೆ ನಿಮ್ಮ ಬೆನ್ನಿಗೆ ಬಂದು ಇಲ್ಲೇ ಉಳಿದ ನಿಮ್ಮ ಮಗ, ಇಲ್ಲೇ ಹುಟ್ಟಿದ ನನ್ನ ಅಪ್ಪ, ನಾನು, ನನ್ನ ಮಗಳು, ಎಲ್ಲರೂ ಆ ಕಾನೂನಿಗೆ ಒಳಪಟ್ಟವರು. ನಮ್ಮನ್ನು ಹುಟ್ಟುನಿವೃತ್ತರು ಎನ್ನುತ್ತಾರೆ. ತೊಟ್ಟಿಲಲ್ಲೇ ಕೈಗೆ ಬೆವರುಪಟ್ಟಿ ಕಟ್ಟುತ್ತಾರೆ. ಆಡಿ ಬಂದ ಬೆವರಿಗೂ ದುಡಿದು ಬಂದ ಬೆವರಿಗೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತು; ದುಡಿದರೆ ಕಾವಲಿನವರಿಗೆ ಸುಳಿವು ಕೊಡುತ್ತದೆ. ಬೆಳಿಗ್ಗೆ ನಮಗೆ ಎಳನೀರು ಬರುತ್ತದೆ, ಮಧ್ಯಾಹ್ನ ಅನ್ನ ಬರುತ್ತದೆ, ಸಂಜೆ ಸಾಲಾಗಿ ಕುಳಿತು ಸೂರ್ಯಾಸ್ತ ನೋಡಬೇಕು. ನನ್ನ ಅಪ್ಪ ಬದುಕಿಡೀ ಸೂರ್ಯಾಸ್ತ ನೋಡಿ ನೋಡಿ ಕೊನೆಗೆ ಗೋಡೆಯ ಕಡೆ ತಿರುಗಿ ಕುಳಿತರು. ಉಬ್ಬರ ಬಂದಾಗ ಪಕ್ಕದ ಬೆಸ್ತರ ಕೇರಿಯ ಗೋಡೆಗಳು ಬೀಳುತ್ತವೆ, ಹೆಂಗಸರು ಎದೆಮಟ್ಟದ ನೀರಿನಲ್ಲಿ ಪಾತ್ರೆ ಪಡಗ ಹೊತ್ತು ನಡೆಯುತ್ತಾರೆ. ನಾವು ಮಾಳಿಗೆಯ ಮೇಲಿಂದ ನೋಡುತ್ತೇವೆ. ಅವರು ನಮ್ಮನ್ನು ಬೈಯುವುದೂ ಇಲ್ಲ. ಬೈದರೆ ಎಷ್ಟೋ ಹಾಯೆನಿಸುತ್ತಿತ್ತು.

ಬೇರೆ ದೇಶಕ್ಕೆ ಹೋಗಬಾರದೇ ಎಂದು ನೀವು ಕೇಳಬಹುದು. ಈ ಕಾಲದಲ್ಲಿ ಕಸುಬು ತೋರಿಸದವರನ್ನು ಯಾವ ದೇಶವೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಿಮ್ಮ ಹುಬ್ಬಳ್ಳಿಯೂ ಅಷ್ಟೇ. ಒಂದು ಮೊಳೆ ಹೊಡೆಯಲು ಬಾರದವರು ನಾವು, ನಿಮ್ಮ ವಂಶದವರು! ಕಾರ್ಖಾನೆಯಿಂದ ಬಂದು ಮೈಕೈ ನೋವೆಂದು ನರಳುತ್ತಿದ್ದಿರಂತೆ. ಆ ನರಳಾಟ ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ದಣಿಯುವ ಸುಖವನ್ನೆಲ್ಲ ನೀವೊಬ್ಬರೇ ಉಂಡು ಎದ್ದಿರಿ.

ನನ್ನ ಮಗಳು ಸಾವಂತ್ರಿಗೆ ಈಗ ಒಂಬತ್ತು ವರ್ಷ. ಹೋದ ತಿಂಗಳು ಬೆಸ್ತರ ಕೇರಿಯಲ್ಲಿ ಹರಿದ ಬಲೆ ಹೊಲಿಯುತ್ತ ಸಿಕ್ಕಿಬಿದ್ದಳು. ನಮ್ಮನ್ನು ಕಾಯುವ ನೆರಳಿನವರು ಹೊಡೆಯುವುದಿಲ್ಲ, ಗದರುವುದೂ ಇಲ್ಲ; ಮರದ ನೆರಳಿಗೆ ಕರೆದೊಯ್ದು, ಆರಾಮ ಕುರ್ಚಿಗೆ ಬೆಲ್ಟು ಬಿಗಿದು, ಕೈಗೆ ಎಳನೀರು ಕೊಟ್ಟು ಕೂರಿಸುತ್ತಾರೆ. ಕತ್ತಲಾಗುವವರೆಗೆ ಹಾಗೆ ಕೂತು ಬಂದವಳು ನನ್ನನ್ನು ಕೇಳಿದಳು, "ನಾ ಏನ್ ತಪ್ಪ್ ಮಾಡೇನಬೇ? ಬಲಿ ಹರಿದಿತ್ತು, ಹೊಲದೆ, ಅಷ್ಟ." ಮೊನ್ನೆ ಬೀದಿಯ ನೀರು ಪಾದಮಟ್ಟಕ್ಕೆ ಇಳಿದ ಕೂಡಲೇ ಮತ್ತೆ ಹೋಗಿ ಮತ್ತೆ ಸಿಕ್ಕಿಬಿದ್ದಳು. ಮೂರನೇ ಸಲ ಸಿಕ್ಕರೆ ಗುಡ್ಡದ ಮೇಲಿನ ವಿಶ್ರಾಂತಿಧಾಮಕ್ಕೆ ಒಯ್ಯುತ್ತಾರೆ. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ನಾನು ನೋಡಿಲ್ಲ.

ಬರಲೇಬೇಡಿ ಎಂದು ನಾನು ಹೇಳುವುದಿಲ್ಲ. ಬನ್ನಿ, ಸಮುದ್ರ ನೋಡಿ, ಮುತ್ತಜ್ಜಿಯ ಕಾಲಿಗೆ ಬಿಸಿ ಮರಳು ಹಾಕಿ. ನೀವು ದುಡಿದವರು, ಆ ಕುರ್ಚಿ ನಿಮ್ಮದೇ. ಆದರೆ ಸಂತಾನದ ಮಾತು ಬಂದಾಗ ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ. ನಮಗೆ ಏನು ಬೇಡ ಎಂಬುದನ್ನು ನಾವು ಹುಟ್ಟುವ ಮೊದಲೇ ತೀರ್ಮಾನಿಸಲು ನೀವು ಯಾರು? ಅದು ಪ್ರೀತಿ ಎಂದು ನನಗೆ ಗೊತ್ತು. ಗೊತ್ತಿರುವುದರಿಂದಲೇ ಸಿಟ್ಟು ಇಳಿಯುವುದಿಲ್ಲ.

ಈ ಕಾಗದ ನಿಮ್ಮನ್ನು ಮುಟ್ಟುತ್ತದೋ ಇಲ್ಲವೋ, ಕಾಯುತ್ತ ಕೂರಲು ನನಗಾಗದು. ಸಾವಂತ್ರಿ ಈಗಷ್ಟೇ ಚಪ್ಪಲಿ ಮೆಟ್ಟಿ ಬೆಸ್ತರ ಕೇರಿಯ ಕಡೆ ಹೊರಟಳು. ನಾನು ತಡೆಯಲಿಲ್ಲ. ಅವಳ ಹಿಂದೆಯೇ ನಾನೂ ಹೋಗುತ್ತಿದ್ದೇನೆ. ಒಯ್ದರೆ ಇಬ್ಬರನ್ನೂ ಒಯ್ಯಲಿ. ನನಗೆ ಬಲೆಯ ಸೂಜಿ ಹಿಡಿಯಲೂ ಬಾರದು, ಮುತ್ತಜ್ಜ. ನನ್ನ ಮಗಳೇ ಕಲಿಸಬೇಕು.

ದಾಕ್ಷಾಯಣಿ