ಟ್ರೆಡ್‌ಮಿಲ್ ಮೇಲಿನ ಭಾಷಣ

ಮಾರ್ಚ್ ೧೨, ಗುರುವಾರ

ದಪ್ಪ ಗೋಡೆಗಳ ಅರಮನೆಯಲ್ಲಿ ವಾಸಿಸುವ, ವಂಶಪಾರಂಪರ್ಯವಾಗಿ ಪಟ್ಟಕ್ಕೆ ಬಂದಿರುವ ಶ್ರೀಮನ್ಮಹಾರಾಜ ಹೃದಯರಾಯರ ಸನ್ನಿಧಾನಕ್ಕೆ, ತಮ್ಮ ಬಡ ಪ್ರಜೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಇವತ್ತು ನಮಗೆ ಬಡ್ತಿ ತಪ್ಪಿತು.

ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ ಅಪ್ಪನದೊಂದು ಟ್ರೆಡ್‌ಮಿಲ್, ಪಕ್ಕದಲ್ಲೇ ನನ್ನದು. ಇಬ್ಬರ ಎದೆಗೂ ವೈರು, ಇಬ್ಬರಿಗೂ ಹೃದಯದ ಸ್ನಾಯು ದಪ್ಪಗಾಗುವ ಅದೇ ಕಾಯಿಲೆ. ಫಿಸಿಯೋ ಮೇಡಂ ಅವರ ಕಾನೂನು ಸರಳ: ನಡೆಯುತ್ತಾ ಮಾತಾಡಲು ಆಗುತ್ತಿದ್ದರೆ ವೇಗ ಸರಿಯಾಗಿದೆ, ಮಾತು ನಿಂತರೆ ಹೆಚ್ಚಾಯಿತು ಎಂದರ್ಥ. ಇವತ್ತು ಕೊನೆಯವರೆಗೂ ಮಾತಾಡಿದ್ದರೆ ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗಲು ಒಪ್ಪಿಗೆ ಸಿಗುತ್ತಿತ್ತು. ಆದ್ದರಿಂದ ಕೋಣೆಯ ಫ್ಯಾನಿಗೆ ಬೀಳ್ಕೊಡುಗೆ ಭಾಷಣ ಶುರು ಮಾಡಿದ್ದೆ.

"ಸಾಕು ಸುಮ್ಮನಿರೋ," ಅಂದರು ಅಪ್ಪ.

"ಸುಮ್ನಿದ್ರೆ ಸೈಕಲ್ ಹೋಗುತ್ತೆ. ನೀವೂ ಏನಾದ್ರೂ ಮಾತಾಡಿ, ಇಲ್ಲಾಂದ್ರೆ ನಿಮ್ಮನ್ನೂ ನಿಧಾನ ಮಾಡ್ತಾರೆ."

ಅವರು ಟ್ರೆಡ್‌ಮಿಲ್ಲಿನ ಕಂಬಿ ಹಿಡಿದುಕೊಂಡರು. ಆಮೇಲೆ, "ಈ ಕಾಯಿಲೆ ನನ್ನಿಂದ ನಿನಗೆ ಬರಬಾರ್ದಿತ್ತು ಕಣೋ," ಅಂದರು.

ಭಾಷಣ ಅಲ್ಲಿಗೆ ನಿಂತಿತು. ಮೇಡಂ ಓಡಿಬಂದು ವೇಗ ಇಳಿಸಿದರು. "ಸೈಕಲ್ ಮುಂದಿನ ತಿಂಗಳು ನೋಡೋಣಪ್ಪ."

ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಟ್ಟೆ ಮುಟ್ಟಲಿಲ್ಲ. "ಉಸಿರು ಈಗ ಹೇಗಿದೆ?" ಅಂತ ಕೇಳಿದರು. "ಪರವಾಗಿಲ್ಲ," ಅಂದೆ.

ಉಸಿರಿಗೆ ಏನೂ ಆಗಿರಲಿಲ್ಲ. ಟ್ರೆಡ್‌ಮಿಲ್ ಮೇಲೆ ಅಪ್ಪನಿಗೆ ಏನು ಹೇಳಬೇಕೋ ಗೊತ್ತಾಗದೆ ಭಾಷಣ ನಿಂತಿತ್ತು, ಅಷ್ಟೆ. ಇದನ್ನು ಬಾಯಿಬಿಟ್ಟರೆ ಸೈಕಲ್ ಸಿಗಬಹುದು, ಅಪ್ಪನ ಭಯವೂ ಹೋಗಬಹುದು. ಆದರೆ ಆಮೇಲೆ ಅವರ ಮಾತಿಗೆ ಉತ್ತರ ಕೊಡಬೇಕಾಗುತ್ತದೆ.