ನಾಲ್ಕು ಇಂಚು ಕಮ್ಮಿ

ಲೂಯಿಸ್‌ಟೌನ್, ಮೊಂಟಾನಾ
ಮಾರ್ಚ್ 9, 1998

ಪ್ರೀತಿಯ ಆರ್ಡಿತ್ ಅಕ್ಕಾ,

ಹೊಸ ಮಂಡಿ ಹೇಗಿದೆ? ಡಾಕ್ಟರು ಹೇಳಿದಷ್ಟೇ ನಡೀತಿದ್ದೀಯೋ, ಇಲ್ಲಾ ಅವರಿಗೇ ನಡೆಯೋದು ಕಲಿಸ್ತಿದ್ದೀಯೋ? ಇಲ್ಲಿ ನನ್ನ ಮಂಡಿ ಗಟ್ಟಿ, ಮಂಡೆಯೇ ಕೆಟ್ಟಿರುವುದು. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಕಿಟಕಿಗೆ ಹೋಗಿ ಬಂದೆ. ಕಾಫಿ ಎರಡು ಸಲ ಬಿಸಿ ಮಾಡಿ ಎರಡು ಸಲವೂ ಮರೆತೆ. ಅಪ್ಪನ ಮಣ್ಣು ಮಾಡಿದ ದಿನ “ಮಗನಿಗೆ ಬಂದೂಕು, ಮಗಳಿಗೆ ಹೊಲಿಗೆ ಯಂತ್ರ” ಅಂದು ಕಾರು ಹತ್ತಿದ ನೀನು ನನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಇದನ್ನಾದರೂ ಕೊನೆತನಕ ಓದು.

ಅದೇ ಬಂದೂಕಿನ ಸುದ್ದಿ. ಅಜ್ಜನ ಕಾಲದ, ಸನ್ನೆ ಎಳೆದು ಗುಂಡೇರಿಸುವ ಆ ಬಂದೂಕಿನ ನಳಿಗೆ ಇಪ್ಪತ್ತೇ ಇಂಚು. ಊರಿನ ಬೇರೆಲ್ಲದರದು ಇಪ್ಪತ್ತನಾಲ್ಕು. ಅಜ್ಜ ಕಾರ್ಖಾನೆಗೆ ಬರೆದು ಗಿಡ್ಡ ಮಾಡಿಸಿದ್ದು, ಈ ಸೀಮೆಯಲ್ಲಿ ಇಂಥದ್ದು ಇನ್ನೊಂದಿಲ್ಲ ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದದ್ದು ನಿನಗೆ ನೆನಪಿದೆಯಲ್ಲ. ಶನಿವಾರ ಗ್ರೇಟ್ ಫಾಲ್ಸ್‌ನ ಬಂದೂಕು ಮೇಳದಲ್ಲಿ ಕೊಳ್ಳುವವನೊಬ್ಬ ಕಾದಿದ್ದಾನೆ. ಆದರೆ ಹಳೇ ಬಂದೂಕಿನ ಹುಚ್ಚಿನವರಲ್ಲಿ ಅಪ್ಪನ ಬಾಯಿಗಿಂತ ನಳಿಗೆಯ ಬಾಯಿಗೇ ಬೆಲೆ. ಅದಕ್ಕೆ ಬಂದೂಕಿನ ಮೇಲಿನ ನಂಬರನ್ನು ಕಾರ್ಖಾನೆಗೆ ಬರೆದು ಕಳಿಸಿದ್ದೆ. ಕಾರ್ಖಾನೆಯ ಹಳೇ ದಫ್ತರ ನೋಡಿ, ಅಲ್ಲಿಂದ ಹೊರಟ ದಿನ ಬಂದೂಕು ಹೇಗಿತ್ತು ಅಂತ ತಿಳಿಸುತ್ತಾರೆ. ಉತ್ತರ ಇವತ್ತು ಬಂತು. ಇಪ್ಪತ್ತನಾಲ್ಕು ಇಂಚು. ವಿಶೇಷ ಏನೂ ಇಲ್ಲ.

ಕಾಗದ ಹಿಡಿದು ಟೋಸ್ಟ್ರುಡ್ ಮುದುಕನ ಅಂಗಡಿಗೆ ಓಡಿದೆ. ನಲವತ್ತು ವರ್ಷ ಇಂಥವನ್ನೇ ಕೊಂಡು ಮಾರಿದವನು. ನಳಿಗೆಯ ತುದಿಗೆ ಬೆರಳಿಟ್ಟು, ಭೂತಗನ್ನಡಿ ಹಿಡಿದು ನೋಡಿದ. ಆಮೇಲೆ “ಗರಗಸದ ಕೆಲಸ ಕಣಯ್ಯ. ಹೋರಿ ಬಾಲ ಕತ್ತರಿಸಿ ಅಪರೂಪದ ತಳಿ ಅಂದಂಗಾಯ್ತು ನಿಮ್ಮಪ್ಪಂದು” ಅಂದ. ನಗಬೇಕಿತ್ತು, ನಗು ಬರಲಿಲ್ಲ. ಅಷ್ಟು ಒಳ್ಳೇ ಬಂದೂಕು ಯಾಕೆ ಕೆಡಿಸಿದ, ಕೆಡಿಸಿ ಜೀವಮಾನವಿಡೀ ಯಾಕೆ ಸುಳ್ಳು ಹೇಳಿದ ಅಂತ ದಾರಿಯುದ್ದಕ್ಕೂ ಅಪ್ಪನ ಜೊತೆ ಜಗಳ ಆಡಿಕೊಂಡೇ ಬಂದೆ. ಈಗಲೂ ಕೂತಲ್ಲಿ ಕೂರಲಾಗುತ್ತಿಲ್ಲ. ಅಂಚೆ ಹೊರಡುವ ಹೊತ್ತಾಯಿತು.

ಭಾವನಿಗೆ ನನ್ನ ನಮಸ್ಕಾರ ಹೇಳು. ಮಂಡಿ ಜೋಪಾನ.

ನಿನ್ನ ತಲೆಹರಟೆ ತಮ್ಮ,
ಲೈಲ್

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಹರಿದೆ. ಬಂದೂಕು ಪರೀಕ್ಷಿಸುವವರು ಹೆಗಲಿಗೆ ಒರಗಿಸುವ ಮರದ ಹಿಡಿಯ ಬುಡದ ತಗಡು ಬಿಚ್ಚಿ ಒಳಗಿನ ಮರ ನೋಡುವುದು ವಾಡಿಕೆ. ನಾನು ಇಷ್ಟು ವರ್ಷ ಬಿಚ್ಚಿರಲಿಲ್ಲ, ಈಗ ಬಿಚ್ಚಿದೆ. ಹಿಡಿಯನ್ನೂ ಅಪ್ಪ ಮಗುವಿನ ತೋಳಿಗೆ ಆಗುವಂತೆ ಒಂದೂವರೆ ಇಂಚು ಕುಯ್ದಿದ್ದಾನೆ. ಮರದ ಮೇಲೆ ಬಡಗಿ ಪೆನ್ಸಿಲಿನಲ್ಲಿ ಅಪ್ಪನದೇ ಅಕ್ಷರ: “ಆರ್ಡಿತ್‌ಗೆ. ಒಂಬತ್ತು ತುಂಬಿತು. ಅಕ್ಟೋಬರ್ 1952.” ಹುಡುಗಿಗೆ ಬೇಟೆ ಯಾಕೆ ಅಂತ ಆ ವರ್ಷ ಅಮ್ಮ ಮೂರು ದಿನ ಊಟ ಬಿಟ್ಟಿದ್ದಳಲ್ಲ. ಕೊಡಲಾಗದ್ದನ್ನು ಅಪ್ಪ ಗೋಡೆಗೆ ನೇತುಹಾಕಿ ಕತೆ ಕಟ್ಟಿದ. ಮೇಳಕ್ಕೆ ಹೋಗುವುದಿಲ್ಲ. ಶನಿವಾರ ನಿನ್ನ ಬಾಗಿಲಲ್ಲಿರುತ್ತೇನೆ. ತಗಡಿನ ತಿರುಪು ಬಿಗಿ ಮಾಡಿಲ್ಲ, ನೀನೇ ಬಿಚ್ಚು.