ನಗು ಕಲಿಸಿದ ಸೋದರತ್ತೆಗೆ

ಮುಕೊನೊ,
ಜನವರಿ ೧೬, ಮಂಗಳವಾರ

ಪ್ರೀತಿಯ ಸೆಂಗಾ,

ನಿಮ್ಮ ಬಾಗಿಲಲ್ಲಿ ಮಂಡಿಯೂರಿ ಕೂತಿದ್ದೇನೆಂದೇ ತಿಳಿಯಿರಿ. ರಾತ್ರಿ ನಿದ್ದೆ ಬಂತೇ? ಮನೆಮಂದಿಯೆಲ್ಲ ಸೌಖ್ಯವೇ? ನಿಮ್ಮ ಎಡಗಾಲಿನ ಕೀಲು ಹೇಗಿದೆ? ಸರೋವರದ ಗಾಳಿ ಅದಕ್ಕೆ ಒಗ್ಗುವುದಿಲ್ಲ ಎಂದು ಎಲ್ಲರೂ ಬೇಡಿಕೊಂಡರೂ ಮಗನ ತಾಳೆತೋಟ ನೋಡಿಕೊಳ್ಳುತ್ತೇನೆಂದು ದ್ವೀಪಕ್ಕೆ ಹೋಗಿ ಕೂತಿರಲ್ಲ! ಸೊಸೆ ಬಿಸಿನೀರಿನ ಕಾವು ಕೊಡುತ್ತಾಳೋ, ಇಲ್ಲ 'ನಂಗೇನೂ ಆಗಿಲ್ಲ, ಹೋಗೇ ಅತ್ಲಾಗೆ' ಎಂದು ಅವಳನ್ನು ಅಟ್ಟುತ್ತೀರೋ? ಈಗ ನೀವು 'ಮ್ಮ್' ಅನ್ನಬೇಕು, ನಾನು 'ಮ್ಮ್' ಅನ್ನಬೇಕು, ಮತ್ತೆ ನೀವು, ಮತ್ತೆ ನಾನು. ಆಯಿತು, ಶಾಸ್ತ್ರ ಮುಗಿಯಿತು. ಫೋನು ಮಾಡಬಹುದಿತ್ತು, ಆದರೆ ನೀವು ಎರಡು ಸಲ ಹಲೋ ಎಂದು ಇಟ್ಟುಬಿಡುತ್ತೀರಿ, ನನಗೂ ಬಾಯಿಗಿಂತ ಕೈಯೇ ನೇರ. ನಿಮ್ಮ ಪಕ್ಕದ ಮನೆಯ ಕಾಲಿಸ್ತೊ ನಾಳೆಯ ಹಡಗಿಗೆ ಕಲಂಗಾಲಕ್ಕೆ ಮರಳುತ್ತಾನಂತೆ, ಅವನ ಕೈಗೆ ಕೊಡುತ್ತೇನೆ.

ಮೊದಲು ಸಂತೋಷದ್ದು ಹೇಳಲೇ? ನನಗೆ ಮದುವೆಯಾಗಿದೆ, ಸೆಂಗಾ! ನಿಮಗೆ ಗೊತ್ತಿಲ್ಲವೆಂದಲ್ಲ, ನೀವೇ ಮುಂದೆ ನಿಂತು ಮಾಡಿಸಿದ್ದು, ಆದರೂ ನನಗೇ ಹೇಳಿಕೊಳ್ಳಬೇಕೆನ್ನಿಸುತ್ತದೆ. ಮಗ ಸೆಂಪ ಹುಟ್ಟಿ ಐದು ವರ್ಷವಾದ ಮೇಲೆ ಮದುವಣಗಿತ್ತಿಯಾದವಳಿಗೆ ಇಷ್ಟು ಸಡಗರವೇ ಎಂದು ಹಾಲಿನ ಡೈರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿಯರು ಕಿಚಾಯಿಸುತ್ತಾರೆ. ಕಿಚಾಯಿಸಲಿ! ಮೊನ್ನೆ ಬ್ಯಾಂಕಿನವಳು 'ಮಿಸೆಸ್ ಲುಬ್ವಾಮ' ಎಂದು ಕೂಗಿದಾಗ ನಾನು ಹಿಂದೆ ತಿರುಗಿ ನೋಡಿದೆ, ಯಾರಪ್ಪಾ ಅದು ಎಂದು. ಇಷ್ಟು ದಿನ 'ಸೆಂಪನ ಅಪ್ಪ' ಎನ್ನುತ್ತಿದ್ದವರನ್ನು ಈಗ 'ನನ್ನ ಗಂಡ' ಎನ್ನಲು ನಾಲಿಗೆಗೆ ಎಷ್ಟು ಹಿತವಾಗಿದೆ ಗೊತ್ತೇ? ಹಳದಿ ಪರದೆ ಹಾಕಿದ್ದೇವೆ. ನಿಮ್ಮ ತಮ್ಮ, ಅಂದರೆ ನಮ್ಮಪ್ಪ, ಕೊಟ್ಟ ಫ್ರಿಜ್ಜು ಹಗಲಿಡೀ ಗುಂಯ್‌ಗುಡುತ್ತದೆಂದು ನಾನು ಅದನ್ನು ಆಗಾಗ ಆರಿಸಿಬಿಡುತ್ತೇನೆ, ಹಾಲು ಕೆಟ್ಟುಹೋಗುತ್ತದೆ, ಇವರು ನಗುತ್ತಾರೆ. ಸಂಜೆ ಬರುವಾಗ ಮೂಲೆಯ ಅಂಗಡಿಯಿಂದ ಮೊಟ್ಟೆ ಸುತ್ತಿದ ಚಪಾತಿ ತರುತ್ತಾರೆ, ನನ್ನದರಲ್ಲಿ ಟೊಮೆಟೊ ಹಾಕಿಸುವುದಿಲ್ಲ. ಒಂದು ದಿನವೂ ಮರೆತಿಲ್ಲ. ಇಂಥವರನ್ನು ನನಗೆ ಕೊಡಿಸಿದಿರಿ. ನಿಮ್ಮ ಕೈಗೆ ಮುತ್ತು!

ಇಷ್ಟೆಲ್ಲ ಇದ್ದೂ ಸುಸ್ತು, ಸೆಂಗಾ. ಇದು ಮಲಗಿ ಎದ್ದರೆ ಹೋಗುವ ಸುಸ್ತಲ್ಲ. ಮದುವೆಯಾದಾಗಿನಿಂದ ಮನೆಗೆ ನೆಂಟರು ತಪ್ಪಿಲ್ಲ. ಹೊಸ ಸೊಸೆಯನ್ನು ನೋಡಲು ಇವರ ಚಿಕ್ಕಪ್ಪಂದಿರು, ಅವರ ಹೆಂಡಿರು, ಹೆಂಡಿರ ಅಕ್ಕಂದಿರು. ಪ್ರತಿಯೊಬ್ಬರಿಗೂ ಮಂಡಿಯೂರಬೇಕು, ಪ್ರತಿಯೊಬ್ಬರ ಕ್ಷೇಮ ಕೇಳಬೇಕು, ಬಾಳೆಕಾಯಿ ಬೇಯಿಸಬೇಕು, ಶೇಂಗಾ ಸಾರು ತಿರುವಬೇಕು, ಎಲ್ಲರೂ ಒಟ್ಟಿಗೇ ಮಾತಾಡುವಾಗ ಯಾರ ಮಾತಿಗೆ ನಗಬೇಕೆಂದು ಹುಡುಕಬೇಕು. ಅವರು ಹೋದ ಮೇಲೆ ನಾನು ಒಳಕೋಣೆಯಲ್ಲಿ ಪೆಟ್ಟಿಗೆಗೂ ಗೋಡೆಗೂ ನಡುವೆ ತಲೆಯ ಮೇಲೆ ಬಟ್ಟೆ ಹೊದ್ದು ಕೂತುಬಿಡುತ್ತೇನೆ. ಪಾಪ, ಇವರು ಅದನ್ನು ಪ್ರಾರ್ಥನೆ ಎಂದುಕೊಂಡಿದ್ದಾರೆ! ಬಂದವರಿಗೆಲ್ಲ 'ಒಳಗೆ ಹೋಗ್ಬೇಡಿ, ಅವಳು ದೇವರ ಹತ್ರ ಮಾತಾಡ್ತಿದ್ದಾಳೆ' ಎನ್ನುತ್ತಾರೆ. ಚರ್ಚಿನ ಹೆಂಗಸರು ನನ್ನನ್ನು ಪ್ರಾರ್ಥನಾ ಕೂಟದ ಮುಂದಾಳು ಮಾಡಬೇಕೆಂದಿದ್ದಾರಂತೆ. ನಗಬೇಡಿ.

ಈಗ ಸೆಂಪನ ವಿಷಯ. ಮದುವೆಯ ದಿನ ಅವನು ಕಿವಿ ಮುಚ್ಚಿಕೊಂಡು ಊಟದ ಮೇಜಿನ ಕೆಳಗೆ ಸೇರಿಕೊಂಡದ್ದನ್ನು ನೀವೂ ನೋಡಿದಿರಿ. ನಮ್ಮತ್ತೆಯವರು ಅಂದಿನಿಂದ ಅದನ್ನೇ ಹಿಡಿದುಕೊಂಡಿದ್ದಾರೆ. ಹೊಸ ವರ್ಷಕ್ಕೆ ಬಂದಾಗ ಅವನು ಅಜ್ಜಿಗೆ ಮಂಡಿಯೂರಲಿಲ್ಲ, ಕ್ಷೇಮ ಕೇಳಲಿಲ್ಲ, ಹಸಿವಾದಾಗ ರೇಡಿಯೊದ ಸಾಬೂನಿನ ಜಾಹೀರಾತನ್ನು ಹಾಗೇ ಒಪ್ಪಿಸಿದ. ಹಸಿವಾದರೆ ಅವನು ಹೇಳುವುದು ಅದನ್ನೇ. ಅತ್ತೆಯವರು ಇವರನ್ನು ಕೂರಿಸಿಕೊಂಡು, 'ಮೂಗನಲ್ಲ, ಕಿವುಡನಲ್ಲ, ಬೆಳೆಸಿದ್ದು ಸರಿಯಿಲ್ಲ ಅಷ್ಟೇ. ನಂಗೆ ಕೊಡು ಹುಡುಗನ್ನ. ನಮ್ಮೂರು ಮಿತ್ಯಾನದಲ್ಲಿ ಮೇಕೆ ಹಿಂದೆ ಓಡಾಡ್ಲಿ, ಬೇರೆ ಮಕ್ಕಳ ಜೊತೆ ಬಡಿದಾಡ್ಲಿ, ಬಾಯಿ ತಾನಾಗೇ ಬಿಡುತ್ತೆ. ಅವನಮ್ಮನ್ನ ನೋಡು, ಎಷ್ಟು ಚೆಂದ ತಲೆ ತಗ್ಗಿಸಿ ಮಾತಾಡ್ತಾಳೆ. ಇವನು ಯಾರ ಥರ ಹುಟ್ಟಿದ್ನೋ!' ಎಂದರು. ಅವರು ಕೆಟ್ಟವರಲ್ಲ, ಸೆಂಗಾ. ಅವನಿಗೆಂದೇ ಸಾರು ತಾಗಿಸದ ಬಾಳೆಕಾಯಿಯನ್ನು ಬೇರೆ ಎಲೆಯಲ್ಲಿ ಕಟ್ಟಿ ತಂದಿದ್ದರು. ಆದರೆ ಅವರು ಮೊಮ್ಮಕ್ಕಳನ್ನು ತಿದ್ದುವುದು ಕೋಲಿನಿಂದ. ಗುಂಪಿನಲ್ಲಿ, ಗದ್ದಲದಲ್ಲಿ, ಕೋಲಿನ ಮುಂದೆ ಸೆಂಪ ಇರುವ ಮಾತನ್ನೂ ಬಿಡುತ್ತಾನೆ. ಇವರು ತಾಯಿಗೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. 'ಮೊದಲು ಡಾಕ್ಟರಿಗೆ ತೋರಿಸೋಣಮ್ಮ' ಎಂದರು. ಅಷ್ಟು ಹೇಳುವಷ್ಟರಲ್ಲೇ ಬೆವರಿದ್ದರು.

ಕಂಪಾಲಾದ ಒಬ್ಬ ಮಕ್ಕಳ ಡಾಕ್ಟರಲ್ಲಿಗೆ ಹೋದೆವು, ಹೆಸರು ಕಿಸಾಕ್ಯೆ. ನಮ್ಮವರೇ. ಮೊದಲ ಪ್ರಶ್ನೆಗೇ ನಾನು ಎಡವಿದೆ. 'ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ?' ಎಂದು ಕೇಳಿದರು. ನಾನು ಎದೆಯುಬ್ಬಿಸಿ, 'ಇಲ್ಲ ಡಾಕ್ಟರ್, ಒಂದು ದಿನವೂ ಹಿರಿಯರ ಮುಖ ದಿಟ್ಟಿಸಿದವನಲ್ಲ, ಅದೊಂದರಲ್ಲಿ ತುಂಬಾ ಮರ್ಯಾದಸ್ಥ' ಎಂದೆ! ಅವರು ಪೆನ್ನು ಕೆಳಗಿಟ್ಟು ನಕ್ಕರು. 'ಅಮ್ಮಾ ತಾಯಿ, ನಾನೂ ಬುಗಾಂಡದಲ್ಲೇ ಹುಟ್ಟಿದವಳು. ಹಿರಿಯರ ಮಾತು ಬಿಡಿ. ಬಾಳೆಹಣ್ಣು ಬೇಕಾದಾಗ ನಿಮ್ಮ ಮುಖ ನೋಡ್ತಾನಾ? ಬಿದ್ದು ಅಳುವಾಗ?' ಎಂದರು. ಇಲ್ಲ. ಅವನು ನನ್ನ ಕೈ ಹಿಡಿದು ಬಾಳೆಹಣ್ಣಿನ ಮೇಲೆ ಇಡುತ್ತಾನೆ. ನಾನು ಅದನ್ನು ಜಾಣತನವೆಂದುಕೊಂಡಿದ್ದೆ. ಅವರು ಮತ್ತೂ ಎರಡು ಸಲ ಕರೆಸಿ, ಅವನ ಜೊತೆ ನೆಲದ ಮೇಲೆ ಕೂತು ಆಡಿ, ಕೊನೆಗೆ ಆಟಿಸಂ ಎಂದರು. ಅದು ರೋಗವಲ್ಲ, ಯಾರ ಶಾಪವೂ ಅಲ್ಲ, ಮಿದುಳು ಲೋಕವನ್ನು ಬೇರೊಂದು ರೀತಿಯಲ್ಲಿ ಹಿಡಿಯುವುದು, ಬಡಿದರೆ ಹೋಗುವುದಲ್ಲ, ಜೊತೆಗಿದ್ದು ನಿಧಾನವಾಗಿ ಕಲಿಸಬೇಕು ಎಂದರು.

ನಾನು ಅಳುತ್ತೇನೆಂದು ಇವರು ಕರವಸ್ತ್ರ ಹಿಡಿದಿದ್ದರು. ನನಗೆ ಅಳು ಬರಲಿಲ್ಲ. ಏಕೆಂದರೆ ಅಷ್ಟು ಹೊತ್ತೂ ಡಾಕ್ಟರ್ ಕೇಳುತ್ತಿದ್ದ ಪ್ರಶ್ನೆಗಳಿಗೆ ಇವರು ಸೆಂಪನ ಬಗ್ಗೆ ಉತ್ತರ ಹೇಳುತ್ತಿದ್ದರೆ ನಾನು ಮನಸ್ಸಿನಲ್ಲಿ ನನ್ನ ಬಗ್ಗೆ ಹೇಳಿಕೊಳ್ಳುತ್ತಿದ್ದೆ. ಬಟ್ಟೆಯ ಹೊಲಿಗೆ ಚುಚ್ಚುತ್ತದೆಯೇ? ಚುಚ್ಚುತ್ತದೆ, ಸಮಾರಂಭಕ್ಕೆ ಗೋಮೆಸಿ ಉಟ್ಟ ದಿನವೆಲ್ಲ ಮೈತುಂಬ ಇರುವೆ ಹರಿದಂತೆ. ತಟ್ಟೆಯಲ್ಲಿ ಒಂದು ಅಡುಗೆ ಇನ್ನೊಂದಕ್ಕೆ ತಾಗಿದರೆ? ತಿನ್ನಲಾರೆ, ಎಲ್ಲರೂ ನೋಡುತ್ತಿದ್ದರೆ ಅಗಿಯದೆ ನುಂಗುತ್ತೇನೆ. ಕೇಳಿದ ಮಾತನ್ನೇ ಮರಳಿ ಹೇಳುತ್ತಾನೆಯೇ? ಬೋರ್ಡಿಂಗ್ ಶಾಲೆಯಲ್ಲಿ ನನ್ನ ಇಂಗ್ಲಿಷ್ ಕೇಳಿ ಸಿಸ್ಟರ್ ಬೆರಗಾಗುತ್ತಿದ್ದರಲ್ಲ, ಅದು ರೇಡಿಯೊದಲ್ಲಿ ವಾರ್ತೆ ಓದುವವಳ ದನಿ, ಉಸಿರು ಸಹಿತ ಅವಳದೇ. ಮನೆಗೆ ಬರುವಾಗ ಟ್ಯಾಕ್ಸಿಯಲ್ಲಿ ಇವರು ಮಗನ ತಲೆ ನೇವರಿಸುತ್ತ, 'ಎಲ್ಲಿಂದ ಬಂತೋ ಇದು, ನಮ್ಮ ಎರಡೂ ಕಡೆ ಯಾರೂ ಇಲ್ವಲ್ಲ' ಎಂದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಬಂದದ್ದು ಪಕ್ಕದ ಸೀಟಿನಿಂದ.

ಆಮೇಲೆ ನಿಮ್ಮನ್ನು ನೆನೆದೆ. ಬೇರೆ ಹುಡುಗಿಯರು ಮೈನೆರೆಯುವ ಹೊತ್ತಿಗೆ ತಮ್ಮ ಸೋದರತ್ತೆಯ, ಸೆಂಗಾಳ, ಮನೆಗೆ ಹೋಗುತ್ತಾರೆ, ಗಂಡನೊಡನೆ ಬಾಳುವುದನ್ನು ಕಲಿಯಲು. ನನ್ನನ್ನು ಅಮ್ಮ ಹಲ್ಲು ಬೀಳುವ ವಯಸ್ಸಿಗೇ ನಿಮ್ಮಲ್ಲಿಗೆ ಕಳಿಸಿದಳು. ನೀವು ನನಗೆ ಕಲಿಸಿದ್ದು ಗಂಡಸರ ವಿಷಯವಲ್ಲ, ಮನುಷ್ಯರ ವಿಷಯ. 'ಕಣ್ಣು ನೋಡಕ್ಕಾಗ್ದಿದ್ರೆ ಬೇಡ ಬಿಡು, ಗಲ್ಲ ನೋಡು, ಹುಡುಗೀರಿಗೆ ಅದೇ ಚೆಂದ' ಎಂದಿರಿ. ಎದುರಿನವರ ಹೆಗಲು ಕುಲುಕಿದರೆ ನಗಬೇಕು, ಅವರು ನಿಲ್ಲಿಸುವ ಮುಂಚೆ ನಿಲ್ಲಿಸಬಾರದು ಎಂದಿರಿ. ಅಂಗಳದಲ್ಲಿ ಕೂರಿಸಿ ನೀವೇ ಒಮ್ಮೆ ಮಾವನಾಗಿ, ಒಮ್ಮೆ ಪಾದ್ರಿಯಾಗಿ, ಒಮ್ಮೆ ಜಗಳಗಂಟಿ ನಾದಿನಿಯಾಗಿ ಬಂದು ನನ್ನಿಂದ ಮಾತಾಡಿಸುತ್ತಿದ್ದಿರಿ. ನಾದಿನಿಯ ಪಾತ್ರವಂತೂ ಎಷ್ಟು ಚೆನ್ನಾಗಿ ಮಾಡುತ್ತಿದ್ದಿರಿ! ನಾನು ಎಲ್ಲವನ್ನೂ ಕಲಿತೆ. ಊರೆಲ್ಲ ಹೊಗಳಿತು, ನಕಿಬೂಕಳಷ್ಟು ಒಳ್ಳೆಯ ನಡತೆಯ ಹುಡುಗಿ ಇಲ್ಲವೆಂದು. ಬೇರೆಲ್ಲೋ ಹುಟ್ಟಿದ್ದರೆ ಈ ಹುಡುಗಿ ಯಾಕೆ ಮುಖ ನೋಡುವುದಿಲ್ಲ ಎಂದು ಯಾರಾದರೂ ಕೇಳುತ್ತಿದ್ದರೇನೋ. ನಮ್ಮಲ್ಲಿ ಅದಕ್ಕೇ ಬಹುಮಾನ. ನೀವು ನನ್ನನ್ನು ಬಚ್ಚಿಟ್ಟಿರಿ ಎಂದು ದೂರುತ್ತಿಲ್ಲ, ಸೆಂಗಾ. ನೀವು ಬಚ್ಚಿಡದಿದ್ದರೆ ನನ್ನನ್ನೂ ಯಾರೋ ಮೇಕೆಗಳ ಹಿಂದೆ ಓಡಿಸುತ್ತಿದ್ದರು. ಆದರೆ ಇಷ್ಟು ವರ್ಷ ಆ ಅಂಗಳದ ಪಾಠವನ್ನು ಎದ್ದಾಗಿನಿಂದ ಮಲಗುವವರೆಗೆ ಒಪ್ಪಿಸುತ್ತ ಬಂದಿದ್ದೇನೆ, ಸ್ವಂತ ಮನೆಯಲ್ಲೂ. ಸುಸ್ತು ಎಂದದ್ದು ಇದನ್ನೇ.

ಸೆಂಪ ನನ್ನ ಹಾಗೆ, ನಾನು ಬೆಳೆದೆ, ಓದಿದೆ, ಕೆಲಸ ಹಿಡಿದೆ, ಪ್ರೀತಿಸಿದೆ, ಅವನೂ ಬೆಳೆಯುತ್ತಾನೆ, ನನ್ನ ಜೊತೆಗೇ ಇರಲಿ ಎಂದು ಅತ್ತೆಯವರಿಗೆ ಹೇಳಬೇಕೆನ್ನಿಸುತ್ತದೆ. ಹೇಳಿದರೆ ಏನಾಗುತ್ತದೆಂದೂ ಗೊತ್ತು. ಹೆಣ್ಣು ಕೇಳಲು ಬಂದ ಕ್ವಾಂಜುಲದ ದಿನ ಎರಡೂ ಕಡೆಯ ಬೀಗರ ಮುಂದೆ ನೀವು 'ನಮ್ಮ ಹುಡುಗೀಲಿ ಒಂದು ಕೊರತೆ ಇದ್ರೆ ನನ್ನ ಮನೆ ಬಾಗಿಲಿಗೆ ಬಂದು ಕೇಳಿ' ಎಂದಿರಿ. ಅವರು ಬಂದು ಕೇಳುತ್ತಾರೆ. ನಾನು ಇದನ್ನು ಕೊರತೆ ಎನ್ನುವುದಿಲ್ಲ, ಡಾಕ್ಟರೂ ಎನ್ನುವುದಿಲ್ಲ, ಆದರೆ ಅತ್ತೆಯವರು ಎನ್ನುತ್ತಾರೆ. ಸುಳ್ಳು ಹೇಳಿ ಹೆಣ್ಣು ಕೊಟ್ಟ ಸೆಂಗಾ ಎಂದು ನಿಮ್ಮನ್ನು ಆಡಿಕೊಳ್ಳುತ್ತಾರೆ.

ಸಾಕು, ಕೈ ನೋಯುತ್ತಿದೆ. ನೀವು ಔಷಧಿ ತಪ್ಪಿಸಬೇಡಿ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಓಡಾಡಬೇಡಿ. ನಿಮ್ಮ ಮಗನಿಗೂ ಸೊಸೆಗೂ ನನ್ನ ನೆನಪು ಹೇಳಿ. ನಿಮ್ಮ ಆಶೀರ್ವಾದ ನಮ್ಮ ಮೂವರ ಮೇಲಿರಲಿ, ದೇವರು ನಿಮ್ಮನ್ನು ನಮಗಾಗಿ ಬಹುಕಾಲ ಇಟ್ಟಿರಲಿ.

ನೀವು ತಿದ್ದಿ ಬೆಳೆಸಿದ ಮಗಳು,
ನಕಿಬೂಕ
(ಮಿಸೆಸ್ ಲುಬ್ವಾಮ!)

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಕಾಲಿಸ್ತೊ ಹೊರಗೆ ಕಾಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಶನಿವಾರ ಅತ್ತೆಯವರು ಸೆಂಪನನ್ನು ಕರೆದೊಯ್ಯಲು ಬರುತ್ತಾರೆ. ಅದೇ ಬೆಳಿಗ್ಗೆ ಡಾಕ್ಟರ್ ನನ್ನನ್ನೂ ನೋಡುತ್ತಾರೆ, ಆದರೆ ನಾನು ಚಿಕ್ಕವಳಿದ್ದಾಗ ಹೇಗಿದ್ದೆನೆಂದು ಕಂಡವರೊಬ್ಬರು ಬೇಕಂತೆ. ಅಮ್ಮ ಇಲ್ಲ, ಅಪ್ಪನಿಗೆ ನೆನಪಿರುವುದು ನನ್ನ ಮಾರ್ಕು ಮಾತ್ರ. ಶುಕ್ರವಾರದ ಹಡಗಿಗೆ ಬನ್ನಿ, ಸೆಂಗಾ. ಒಳ್ಳೆಯದನ್ನು ಹೇಳಬೇಡಿ, ಇದ್ದದ್ದನ್ನು ಹೇಳಿ, ಡಾಕ್ಟರ್ ಮುಂದೆಯೂ ಅತ್ತೆಯವರ ಮುಂದೆಯೂ. ನಿಮಗೆ ಅವಮಾನವಾಗುತ್ತದೆಂದು ತಿಳಿದೇ ಕೇಳುತ್ತಿದ್ದೇನೆ. ಮತ್ತೆ, ಈ ಮಧ್ಯಾಹ್ನ ಇವರಿಗೆ ನನ್ನ ವಿಷಯವನ್ನೆಲ್ಲ ಹೇಳಿಬಿಟ್ಟೆ, ಬಟ್ಟೆ ಒಣಹಾಕುತ್ತಿರುವಾಗ, ಅವರತ್ತ ಬೆನ್ನು ಮಾಡಿ. ಅವರು ಒಂದೇ ಮಾತು ಕೇಳಿದರು: 'ಹಾಗಾದ್ರೆ ನನ್ನ ಜೊತೆ ನಕ್ಕಿದ್ದೂ ಸೆಂಗಾ ಹೇಳಿಕೊಟ್ಟಿದ್ದೇನಾ?' ನಾನು ತಿರುಗುವಷ್ಟರಲ್ಲಿ ಅವರು ಹೊರಟುಹೋಗಿದ್ದರು, ಇನ್ನೂ ಬಂದಿಲ್ಲ. ಅವರು ನನ್ನನ್ನು ನಂಬದಿದ್ದರೆ ತಾಯಿಗೆ ಬೇಡ ಎನ್ನಲಾರರು. ಕ್ವಾಂಜುಲದ ವಿಡಿಯೊದಲ್ಲಿ ನೋಡಿ, ನೀವು ಶಾಸ್ತ್ರದಂತೆ ಅಷ್ಟು ಜನರ ನಡುವೆ ಅವರನ್ನು ಹುಡುಕಿ ಎದೆಗೆ ಹೂ ಚುಚ್ಚಿದಾಗ ನನ್ನ ಮುಖ ಕಲ್ಲಿನಂತಿದೆ, ಹುಡುಗಿಗೆ ಇಷ್ಟವಿಲ್ಲವೇನೋ ಎಂದು ವಿಡಿಯೊದವನು ಆಡಿಕೊಂಡನಂತೆ. ನಿಜವಾಗಿ ಸಂತೋಷವಾದಾಗ ನನಗೆ ನಗಲು ನೆನಪೇ ಬರುವುದಿಲ್ಲ, ಅದು ನಿಮಗೊಬ್ಬರಿಗೇ ಗೊತ್ತು. ಬಂದು ಅವರಿಗೆ ಹೇಳಿ.